ಮನೆಯ ಬೀಡಿ ಕೆಲಸ (ದಕ್ಷಿಣ ಕನ್ನಡ)

ಅಡುಗೆ, ದನಕರು, ಗದ್ದೆ ತೋಟದ ದುಡಿಮೆಗಳ ನಡುವೆ ಸಿಕ್ಕ ಹೊತ್ತಿನಲ್ಲಿ ಮನೆಯಲ್ಲೇ ಕುಳಿತು ಬೀಡಿ ಕಟ್ಟಿ ಸಂಪಾದಿಸುವ ಪದ್ಧತಿ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲೂ ನೆರೆಯ ಕಾಸರಗೋಡಿನಲ್ಲೂ 20ನೆಯ ಶತಮಾನದ ಉತ್ತರಾರ್ಧದಲ್ಲಿ ವ್ಯಾಪಕವಾಗಿ ಬೆಳೆಯಿತು. ಕಟ್ಟುವವರಲ್ಲಿ ಬಹುಪಾಲು ಹೆಂಗಸರು. ಇದನ್ನು ಬಿಡುವಿನ ವೇಳೆಯ ಕೆಲಸವೆಂದು ಕರೆಯುವುದು ರೂಢಿ. ಆದರೆ ಕರಾವಳಿಯ ಎಷ್ಟೋ ಮನೆಗಳಲ್ಲಿ ವಾರವಾರವೂ ತಪ್ಪದೆ ಕೈಸೇರುತ್ತಿದ್ದ ನಗದು ಇದೊಂದೇ.

ಕಂಪನಿಯ ಪರವಾಗಿ ಗುತ್ತಿಗೆದಾರ ನಡೆಸುವ 'ಬ್ರಾಂಚ್' ಊರೂರಲ್ಲಿ ಇರುತ್ತದೆ. ಅಲ್ಲಿ ಎಲೆ, ಹೊಗೆಸೊಪ್ಪಿನ ಪುಡಿ, ನೂಲುಗಳನ್ನು ಅಳತೆ ಮಾಡಿ ಕೊಟ್ಟು, ಕಟ್ಟಿದ ಬೀಡಿಯನ್ನು ಎಣಿಸಿ ಪಡೆಯುತ್ತಾರೆ. ಎಲೆ ಬರುವುದು ಮಧ್ಯಪ್ರದೇಶ, ಛತ್ತೀಸಗಢ, ಒಡಿಶಾಗಳ ಕಾಡಿನ ತೆಂಡು ಮರಗಳಿಂದ. ಅದನ್ನು ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೆತ್ತಗಾದ ಮೇಲೆ ತಗಡಿನ ಅಳತೆ ಇಟ್ಟು ಕತ್ತರಿಯಿಂದ ಕತ್ತರಿಸಬೇಕು. ಮಡಿಲ ಮೇಲೆ ತಡ್ಪೆ (ಮೊರ). ಎಲೆಯ ತುಂಡಿಗೆ ಪುಡಿ ಹರಡಿ ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿದರೆ ಒಂದು ಬೀಡಿ. 25ಕ್ಕೆ ಒಂದು ಕಟ್ಟು. ಕೂಲಿಯ ಲೆಕ್ಕ ಸಾವಿರಕ್ಕೆ. ಪಳಗಿದ ಕೈ ಇಡೀ ದಿನ ಕುಳಿತರೆ ಸಾವಿರ ದಾಟಬಹುದು. ಮನೆಗೆಲಸದ ನಡುವೆ ಕಟ್ಟುವವರಿಗೆ ಅದರ ಅರ್ಧವಾದರೂ ದೊಡ್ಡದೇ. ಅಕ್ಕಪಕ್ಕದವರು ಒಂದೇ ಜಗಲಿಯಲ್ಲಿ ಕೂಡಿ ಕಟ್ಟುತ್ತಿದ್ದುದರಿಂದ ಮಾತುಕತೆಗೂ ಇದೇ ಜಾಗ. ಶಾಲೆಯಿಂದ ಬಂದ ಮಕ್ಕಳ ಕೈಗೂ ನೂಲು ಸಿಗುತ್ತಿತ್ತು. ಒಬ್ಬರ ಹೆಸರಿನ ಲೆಕ್ಕದಲ್ಲಿ ಮನೆಮಂದಿಯೆಲ್ಲ ದುಡಿದದ್ದು ಈ ವ್ಯವಸ್ಥೆಯ ದೊಡ್ಡ ದೋಷ.

ಭೂಮಿ ಇಲ್ಲದ ಅಥವಾ ತುಂಡು ಭೂಮಿಯ ಕುಟುಂಬಗಳಿಗೆ, ಹೊರಗೆ ಕೂಲಿಗೆ ಹೋಗುವ ವಾಡಿಕೆ ಇಲ್ಲದ ಮನೆಗಳ ಹೆಂಗಸರಿಗೆ, ಇದು ಬಂಡವಾಳ ಬೇಡದ ಆದಾಯ. ಬೀಡಿಯ ದುಡ್ಡು ಶಾಲೆಯ ಫೀಸಾಯಿತು, ಚಿನ್ನವಾಯಿತು, ಮನೆಯ ಹಂಚಾಯಿತು. ಅದು ಹೆಂಗಸಿನ ಹೆಸರಿನಲ್ಲೇ ಬಂದದ್ದು ಅಷ್ಟೇ ಮುಖ್ಯ.

ಕಾನೂನು ಈ ಕೆಲಸವನ್ನು ಗುರುತಿಸಿದ ರೀತಿ ವಿಶೇಷವಾಗಿ ಗಮನಿಸತಕ್ಕದ್ದು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯು ಕಾರ್ಖಾನೆಗೆ ಬಾರದೆ ಮನೆಯಲ್ಲೇ ಕಟ್ಟುವವರನ್ನೂ ಕಾರ್ಮಿಕರೆಂದು ಪರಿಗಣಿಸಿತು. ಕಳಪೆ ಎಂದು ಬೀಡಿ ತಿರಸ್ಕರಿಸುವ ತಕರಾರುಗಳನ್ನು ತೀರ್ಮಾನಿಸಲು ದಾರಿ ಮಾಡಿತು. ಇದನ್ನು ಜಾರಿಗೊಳಿಸಲು ಕೇರಳ ಮುಂದಾದಾಗ ಮಂಗಳೂರಿನ ಮಾಲೀಕರು ಅಲ್ಲಿನ ಕೆಲಸ ನಿಲ್ಲಿಸಿದರು. ಬೀದಿಪಾಲಾದ ಕಾರ್ಮಿಕರು 1969ರಲ್ಲಿ ಕಣ್ಣೂರಿನಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ಮಾಲೀಕರು ಕಾಯ್ದೆಯನ್ನು ಪ್ರಶ್ನಿಸಿ ನ್ಯಾಯಾಲಯಕ್ಕೂ ಹೋದರು. 1974ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 1985ರಲ್ಲಿ ಮನೆಯಲ್ಲಿ ಕಟ್ಟುವವರಿಗೂ ಭವಿಷ್ಯನಿಧಿ ಸಲ್ಲಬೇಕೆಂದಿತು. 1976ರ ಕಾಯ್ದೆಗಳಂತೆ ಬೀಡಿ ಉತ್ಪಾದನೆಯ ಮೇಲೆ ಸೆಸ್ ಹಾಕಿ, ಆ ಹಣದಿಂದ ಔಷಧಾಲಯ, ವಸತಿ ನೆರವು, ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡಲಾಯಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಸೆಸ್ ರದ್ದಾಯಿತು. 1966ರ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆ ಬಂದಿದೆ.

ಬೆನ್ನು, ಕತ್ತು, ಮೊಣಕಾಲುಗಳ ನೋವು, ಹೊಗೆಸೊಪ್ಪಿನ ದೂಳಿನಿಂದ ಕೆಮ್ಮು, ಉಬ್ಬಸ ಕಟ್ಟುವವರ ಸಾಮಾನ್ಯ ದೂರುಗಳು. ಪುಡಿ ಇರುವುದು ಮಲಗುವ, ಉಣ್ಣುವ ಕೋಣೆಯಲ್ಲೇ ಆದ್ದರಿಂದ ಅದು ಎಳೆಗೂಸನ್ನೂ ಬಿಡುವುದಿಲ್ಲ. ಬೀಡಿ ಸೇದುವವರಿಗೆ ಆಗುವ ಹಾನಿ ಇನ್ನೂ ದೊಡ್ಡದು. ಹೀಗಾಗಿ ಬೀಡಿಯ ಮಾರುಕಟ್ಟೆ ಕುಗ್ಗುವುದು ಒಳ್ಳೆಯದೇ. ಆದರೆ ಐವತ್ತು ದಾಟಿದ ಹೆಂಗಸರಿಗೆ ಮನೆಬಾಗಿಲಲ್ಲೇ ಸಿಗುವ ಬದಲಿ ಕೆಲಸ ಹುಡುಕುವ ಹೊಣೆ ಸರ್ಕಾರದ್ದು. ಕಟ್ಟುವವರ ಮಕ್ಕಳು ಓದಿ ಅಂಗಡಿ, ಕಚೇರಿ, ಕೊಲ್ಲಿ ದೇಶಗಳ ಉದ್ಯೋಗಕ್ಕೆ ಹೋಗಿದ್ದಾರೆ. ತಡ್ಪೆ ಹಿಡಿಯುವ ಹೊಸಬರು ವಿರಳ.

ಬಿಡುವಿನ ದುಡಿಮೆ ಈಗ ಮೊಬೈಲ್ ಆ್ಯಪಿನ ಮೂಲಕವೂ ನಡೆಯುತ್ತದೆ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ಕಂಪನಿಗಳಿಂದ, ಪ್ರತಿ ಸೇವೆಗೆ ಕಾರ್ಮಿಕರಿಗೆ ಕೊಡುವ ಪಾವತಿಯ ಮೇಲೆ ಶೇ. 1ರಿಂದ 5ರವರೆಗೆ ಶುಲ್ಕ ಪಡೆದು ಕಲ್ಯಾಣನಿಧಿ ಕಟ್ಟುತ್ತದೆ; ಬೀಡಿ ಸೆಸ್ ಹಿಡಿದಿದ್ದ ದಾರಿಯೂ ಇದೇ. ಆ್ಯಪಿನ ಗೊಡವೆಯಿಲ್ಲದೆ ಮನೆಯಲ್ಲಿ ಅಗರಬತ್ತಿ ಹೊಸೆಯುವ, ತುಂಡು ಲೆಕ್ಕದಲ್ಲಿ ಬಟ್ಟೆ ಹೊಲಿಯುವ ಹೆಂಗಸರು ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ.