ಸೇಂಟ್ ಆಲ್ಬನ್ಸ್: ಬೀಸುಕಲ್ಲಿಗಾಗಿ ದಂಗೆಯೆದ್ದ ಊರು

ಲಂಡನ್ ನಗರದ ಉತ್ತರಕ್ಕೆ ಸುಮಾರು 20 ಮೈಲಿ ದೂರದಲ್ಲಿ, ವರ್ ಎಂಬ ಕಿರುಹೊಳೆಯ ಮೇಲಣ ದಿಣ್ಣೆಯಲ್ಲಿ ಸೇಂಟ್ ಆಲ್ಬನ್ಸ್ ಪಟ್ಟಣವಿದೆ. ಹೊಳೆಯಾಚೆ ಪಾಳುಬಿದ್ದಿದ್ದ ರೋಮನ್ನರ ವೆರುಲೇಮಿಯಂ ನಗರದ ಇಟ್ಟಿಗೆಗಳಿಂದಲೇ, 1077ರಲ್ಲಿ ಮಠಾಧಿಪತಿಯಾಗಿ ಬಂದ ಪಾಲ್ ಎಂಬಾತನು ಕಟ್ಟಿಸತೊಡಗಿದ ಇಗರ್ಜಿಯ ಗೋಪುರವು ಇಂದಿಗೂ ಕೆಂಪಗೆ ನಿಂತಿದೆ. ಮಠದ ಆಶ್ರಯದಲ್ಲಿ ಬೆಳೆದ ಈ ಊರಿಗೆ ಆ ಆಶ್ರಯವೇ ಸಂಕೋಲೆಯೂ ಆಯಿತು.

ಪ್ರಜೆಗಳು ತಮ್ಮ ಧಾನ್ಯವನ್ನು ಮಠದ ಗಿರಣಿಯಲ್ಲಿಯೇ ಬೀಸಿಸಿ ಅದಕ್ಕೆ ಸುಂಕ ತೆರಬೇಕಾಗಿದ್ದಿತು. ಮನೆಯಲ್ಲಿ ಬೀಸುಕಲ್ಲನ್ನಿರಿಸಿಕೊಳ್ಳುವುದು ಅಪರಾಧವೆನಿಸಿತ್ತು. 1327ರಿಂದ 1336ರವರೆಗೆ ಅಧಿಪತಿಯಾಗಿದ್ದ ವಾಲಿಂಗ್‌ಫರ್ಡಿನ ರಿಚರ್ಡನು ಕಮ್ಮಾರನ ಮಗ. ಗಣಿತದಲ್ಲಿಯೂ ಖಗೋಳಶಾಸ್ತ್ರದಲ್ಲಿಯೂ ಅದ್ವಿತೀಯನಾಗಿ, ಗ್ರಹಗತಿಯನ್ನು ತೋರುವ ಗಡಿಯಾರವನ್ನು ರಚಿಸಿದವನು. ಅಂತಹ ಮೇಧಾವಿಯೇ ಮನೆಮನೆಯ ಬೀಸುಕಲ್ಲುಗಳನ್ನು ಕಸಿದು ತರಿಸಿ, ಮಠದ ಮಾತುಕತೆಯ ಕೊಠಡಿಗೆ ನೆಲಹಾಸಾಗಿ ಹಾಸಿಸಿದನೆಂಬುದು ವ್ಯಥೆಯ ಸಂಗತಿ. ಬಡವರ ಅನ್ನದ ಸಾಧನವನ್ನು ಕಸಿದುದಲ್ಲದೆ ಅದರ ಮೇಲೆ ನಡೆದಾಡುವುದನ್ನು ಊರು ಹೇಗೆ ಮರೆತೀತು?

ಇತ್ತ ದೇಶದಲ್ಲಿ ಬೇರೆ ಸಂಕಟಗಳೂ ಕೂಡಿಬಂದವು. 1349ರ ಮಹಾಮಾರಿಯು ಈ ಮಠದ ಅಧಿಪತಿಯನ್ನೂ 47 ಮಂದಿ ಸನ್ಯಾಸಿಗಳನ್ನೂ ಬಲಿಗೊಂಡಿತು. ದುಡಿವ ಕೈಗಳು ವಿರಳವಾಗಿ ಕೂಲಿಯೇರಿದಾಗ 1351ರ ಶಾಸನವು ಅದನ್ನು ಅಡಗಿಸಲೆಳಸಿತು. ಫ್ರಾನ್ಸಿನೊಡನೆ ನಡೆದ ಯುದ್ಧದ ವೆಚ್ಚಕ್ಕಾಗಿ 1380ರಲ್ಲಿ ತಲೆಗೊಂದು ಷಿಲಿಂಗಿನಂತೆ ಕಂದಾಯ ಬಿದ್ದಿತು. 1381ರ ಜೂನ್ ತಿಂಗಳಲ್ಲಿ ಕೆಂಟ್, ಎಸೆಕ್ಸ್ ಸೀಮೆಗಳ ರೈತರು ವಾಟ್ ಟೈಲರನ ಮುಂದಾಳುತನದಲ್ಲಿ ಲಂಡನ್ನನ್ನು ಹೊಕ್ಕರು.

ಸೇಂಟ್ ಆಲ್ಬನ್ಸಿನವರಿಗೆ ವಿಲಿಯಂ ಗ್ರಿಂಡ್‌ಕಾಬ್ ನಾಯಕನಾದನು. ಅವನು ಲಂಡನ್ನಿಗೆ ಹೋಗಿ, ಹದಿನಾಲ್ಕರ ಬಾಲಕನಾಗಿದ್ದ ಎರಡನೆಯ ರಿಚರ್ಡ್ ದೊರೆಯಿಂದ ಹಕ್ಕುಗಳ ವಿಷಯವಾಗಿ ಪತ್ರವನ್ನು ಪಡೆದನು. ಜನರು ಮಠದ ಸೆರೆಮನೆಯನ್ನು ತೆರೆದರು, ದಾಸ್ಯದ ಪತ್ರಗಳನ್ನು ಸುಟ್ಟರು, ಬೇಟೆಯ ಹಕ್ಕು ತಮ್ಮದೆಂದು ಸಾರಲು ಮೊಲವೊಂದನ್ನು ಪೇಟೆಯಲ್ಲಿ ಕಟ್ಟಿದರು. ಬಳಿಕ ಆ ಕೊಠಡಿಯನ್ನು ಹೊಕ್ಕು, ನೆಲದ ಬೀಸುಕಲ್ಲುಗಳನ್ನು ಕಿತ್ತು ಚೂರುಮಾಡಿ, ಭಾನುವಾರದ ಪೂಜೆಯಲ್ಲಿ ಪ್ರಸಾದದ ರೊಟ್ಟಿಯನ್ನು ಹಂಚುವಂತೆ ಮನೆಗೊಂದು ಚೂರನ್ನು ಹಂಚಿಕೊಂಡರು. ಇದನ್ನು ಬರೆದಿಟ್ಟವನು ದಂಗೆಯ ಬದ್ಧವೈರಿಯಾದ ಅದೇ ಮಠದ ಸನ್ಯಾಸಿ ಥಾಮಸ್ ವಾಲ್‌ಸಿಂಗಮ್. ಹಗೆಯ ಲೇಖನಿಯಿಂದ ಬಂದುದರಿಂದಲೇ ಈ ವೃತ್ತಾಂತವನ್ನು ನಾನು ಹೆಚ್ಚಾಗಿ ನಂಬುತ್ತೇನೆ. ಅಧಿಪತಿ ಥಾಮಸ್ ಡಿ ಲಾ ಮೇರನು ನಿರುಪಾಯನಾಗಿ ಜನರ ಹಕ್ಕುಗಳ ಸನ್ನದುಗಳಿಗೆ ಒಪ್ಪಿದನು.

ಆದರೆ ಜೂನ್ 15ರಂದು ಸ್ಮಿತ್‌ಫೀಲ್ಡಿನಲ್ಲಿ ಟೈಲರನು ಹತನಾಗಿದ್ದನು. ಜುಲೈ ತಿಂಗಳಲ್ಲಿ ದೊರೆಯು ಮುಖ್ಯ ನ್ಯಾಯಾಧೀಶ ಟ್ರೆಸಿಲಿಯನನೊಡನೆ ಊರಿಗೆ ಬಂದನು. 15ರಂದು ದಂಗೆಯ ಬೋಧಕನಾದ ಜಾನ್ ಬಾಲ್ ಎಂಬ ಪಾದ್ರಿಯನ್ನು ಇಲ್ಲಿಯೇ ಕೊಲ್ಲಿಸಲಾಯಿತು. ಸನ್ನದುಗಳನ್ನು ಹಿಂದಿರುಗಿಸುವಂತೆ ಜನರಿಗೆ ಹೇಳಿದರೆ ಪ್ರಾಣವುಳಿಯುವುದೆಂದು ಗ್ರಿಂಡ್‌ಕಾಬನಿಗೆ ಆಸೆ ತೋರಿಸಿದರು. ಅವನಾದರೋ ದೃಢವಾಗಿರಿಯೆಂದೇ ಹೇಳಿ ಗಲ್ಲಿಗೇರಿದನು. ಗಲ್ಲಿಗೇರಿದವರ ಶವಗಳನ್ನು ಜನರು ಗುಟ್ಟಾಗಿ ಇಳಿಸಿ ಹೂಳಿದ್ದಾಗ, ಅವನ್ನು ಅವರ ಕೈಯಿಂದಲೇ ಮತ್ತೆ ಸಂಕೋಲೆಗಳಲ್ಲಿ ತೂಗಹಾಕಿಸಿದ ಕ್ರೌರ್ಯವನ್ನು ಯಾವ ರಾಜನೀತಿಯೂ ಸಮರ್ಥಿಸಲಾರದು.

ಸನ್ನದುಗಳು ರದ್ದಾದವು, ಗಿರಣಿಯ ಹಕ್ಕು ಮಠಕ್ಕೇ ಉಳಿಯಿತು. 1539ರಲ್ಲಿ ಎಂಟನೆಯ ಹೆನ್ರಿಯ ಆಜ್ಞೆಯಿಂದ ಮಠವು ಮುಚ್ಚಿತು. 1553ರಲ್ಲಿ ಊರಿಗೆ ಪುರಸಭೆಯ ಸನ್ನದು ದೊರೆತು, ಪೌರರು 400 ಪೌಂಡು ತೆತ್ತು ಮಠದ ಇಗರ್ಜಿಯನ್ನು ತಮ್ಮದಾಗಿ ಕೊಂಡರು.