ಅಜ್ಜಿಯ ಹಿಡಿ ಎಷ್ಟು ಗ್ರಾಂ?

ನಮ್ಮೂರ ಅಡಿಗಿ ಚರಿತ್ರೆ | ಭಾಗ 6

ಮೊದಲನೇ ಫೋಟೋದಾಗ ಇರೋದು ಒಡೆದ ಜೋಳದ ರೊಟ್ಟಿ. ನಾನೇ ಮಾಡಿದ್ದು, ನಗಬ್ಯಾಡ್ರಿ 😅

ಕ್ಲಾಸಿನವರು ಹನ್ನೆರಡು ಮಂದಿ ಅಬ್ಬಿಗೇರಿಗೆ ಬರೋರಿದ್ರು. ನಾಲ್ಕು ಮಂದಿಯ ಅಳತೆಯನ್ನ ಆನ್‌ಲೈನ್ ಕ್ಯಾಲ್ಕ್ಯುಲೇಟರಿಗೆ ಹಾಕಿದೆ, ಅದು ಮೂರರಿಂದ ಗುಣಿಸಿ ಕೊಡ್ತು. ಲೆಕ್ಕ ಸರಿನೇ ಇತ್ತು. ಆದ್ರ ಬಡಿಯುವಾಗ ಅಂಚೆಲ್ಲ ಬಿರೀತು. ಅಜ್ಜಿ ಹಿಟ್ಟು ಮುಟ್ಟಿ ನೋಡಿ, "ಹಿಟ್ಟು ಹಳೇದೈತಿ, ಜಿಗಿ ಹೋಗೇತಿ. ಕುದಿಯೋ ಎಸರು ಹಾಕಿ ನಾದವ್ವಾ" ಅಂದ್ಳು.

ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿ ಇಲ್ಲ. ಕುದಿಯೋ ನೀರು ಬಿದ್ದಾಗ ಪಿಷ್ಟ ಅಂಟಾಗಿ ಹಿಟ್ಟನ್ನ ಹಿಡಿದಿಡುತ್ತದೆ. ಹಿಟ್ಟು ಬೀಸಿ ಎಷ್ಟು ದಿನ ಆಯ್ತು ಅಂತ ಕ್ಯಾಲ್ಕ್ಯುಲೇಟರ್ ನನ್ನ ಕೇಳಲೇ ಇಲ್ಲ.

ಈಗ ಸಾವಿರ ವರ್ಷ ಹಿಂದಕ್ಕೆ ಬರ್ರಿ.

ನಮ್ಮ ಈ ಸೀಮೆ ಕಲ್ಯಾಣ ಚಾಲುಕ್ಯರ ಆಳ್ವಿಕೆಯಲ್ಲಿದ್ದ ಕಾಲ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ಕನ್ನಡದಲ್ಲಿ 'ಲೋಕೋಪಕಾರ' ಬರೆದ. ಬೇಸಾಯ, ನೀರು, ವೈದ್ಯದ ಜೊತೆ ಅಡುಗೆಗೂ ಅದರಲ್ಲಿ ಜಾಗ ಇದೆ. ಸುಮಾರು 1130ರಲ್ಲಿ ಅದೇ ವಂಶದ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಅರಮನೆ ಊಟವನ್ನ ಬರೆದಿಟ್ಟ. 1500ರ ದಶಕದಲ್ಲಿ ಮೂರನೇ ಮಂಗರಸ 'ಸೂಪಶಾಸ್ತ್ರ'ವನ್ನ ಷಟ್ಪದಿಯಲ್ಲೇ ಬರೆದ. ಅಡುಗೆ ಪುಸ್ತಕ, ಅದೂ ಪದ್ಯದಾಗ!

ಇಡ್ಲಿಯನ್ನೇ ನೋಡ್ರಿ. 'ವಡ್ಡಾರಾಧನೆ'ಯಲ್ಲಿ 'ಇಡ್ಡಲಿಗೆ' ಅನ್ನೋ ಹೆಸರು ಸಿಗುತ್ತದೆ. ಲೋಕೋಪಕಾರದಲ್ಲಿ ಉದ್ದಿನಬೇಳೆಯನ್ನ ಮಜ್ಜಿಗೆಯಲ್ಲಿ ನೆನೆಸಿ ರುಬ್ಬುತ್ತಾರೆ. ಮಾನಸೋಲ್ಲಾಸದ 'ಇಡ್ಡರಿಕಾ'ಕ್ಕೂ ಉದ್ದಿನ ಹಿಟ್ಟೇ. ಮೆಣಸು, ಜೀರಿಗೆ, ಇಂಗು ಸೇರುತ್ತವೆ. ಅಕ್ಕಿ ಇನ್ನೂ ಬಂದಿಲ್ಲ! ಇವತ್ತಿನ ಇಡ್ಲಿ ಒಬ್ಬರು ಕೂತು ಬರೆದ ರೆಸಿಪಿ ಅಲ್ಲ. ಯಾರೋ ಅಕ್ಕಿ ಬೆರೆಸಿದರು, ಯಾರೋ ರಾತ್ರಿಯಿಡೀ ಹುದುಗಲು ಬಿಟ್ಟರು, ರುಚಿ ಹತ್ತಿದ್ದು ಉಳೀತು. ಎಷ್ಟು ಹಿಟ್ಟು ಕೆಟ್ಟಿರಬೇಕು!

ಹಾಗಂತ ಅಳತೆ ಬ್ಯಾಡ ಅನ್ನಂಗಿಲ್ಲ. ನಮ್ಮ ಹಿರಿಯರಿಗೂ ಚಟಾಕು, ಪಾವು, ಸೇರು ಇದ್ದವು. 16 ಚಟಾಕಿಗೆ ಒಂದು ಸೇರು. ಸರ್ಕಾರಿ ಸೇರು ಅಂದ್ರ ಸುಮಾರು 933 ಗ್ರಾಂ. ಆದ್ರ ಊರಿಂದ ಊರಿಗೆ ಸೇರು ಬದಲಾಗುತ್ತಿತ್ತು. 1956ರ ಕಾಯ್ದೆ ಬಂದು, 1958ರ ಅಕ್ಟೋಬರಿನಿಂದ ಕಿಲೋ, ಗ್ರಾಂ ದೇಶದಾಗ ಹಂತಹಂತವಾಗಿ ಬಂದವು. ಅದರಿಂದ ಒಂದೂರಿನ ಅಳತೆ ಇನ್ನೊಂದೂರಿಗೂ ತಿಳಿಯುವಂಗಾಯ್ತು. ಕೇಕ್ ಮಾಡೋರಿಗೆ, ಮದುವಿ ಸಾಮಾನಿನ ಚೀಟಿ ಬರೆಯೋರಿಗೆ ಕ್ಯಾಲ್ಕ್ಯುಲೇಟರ್ ನಿಜಕ್ಕೂ ಉಪಕಾರಿ.

ಆದ್ರ ಗುಣಾಕಾರಕ್ಕ ಸಿಗದ ಸಂಗತಿ ಅದಾವ. ಸಾರು ಮೂರು ಪಟ್ಟು ಮಾಡಿದ್ರ ಆವಿಯಾಗೋ ನೀರು ಮೂರು ಪಟ್ಟು ಆಗಂಗಿಲ್ಲ, ಅದು ಪಾತ್ರೆಯ ಬಾಯಿ ಎಷ್ಟು ಅಗಲ ಅನ್ನೋದರ ಮ್ಯಾಲೆ. ಖಾರ, ಉಪ್ಪನ್ನ ನಾಲಿಗೆಗೇ ಕೇಳಬೇಕು.

ಎರಡನೇ ಫೋಟೋ: ತಕ್ಕಡಿ ಮ್ಯಾಲೆ ಅಜ್ಜಿಯ ಹಿಡಿ ಹಿಟ್ಟು. ಮೂರು ಸಲ ತೂಗಿದೆ. 62, 71, 58 ಗ್ರಾಂ. "ತಪ್ಪಾತೇನು?" ಅಂದ್ಳು. ತಪ್ಪಾಗಿದ್ದು ನನಗ. ಹಿಟ್ಟು ನೋಡಿ ಆಕಿ ಹಿಡಿ ಬದಲಿಸ್ತಾಳ. ಈಗ ಆಕಿ ಕೈ ನಡುಗ್ತಾವ, ರೊಟ್ಟಿ ಬಡಿಯೋದು ಕಡಿಮಿ ಆಗೇತಿ. ಆ ಹಿಡಿ ಯಾವ ಪುಸ್ತಕದಾಗೂ ಇಲ್ಲ.

ಅದಕ್ಕ ಈಗ ಒಂದು ನೋಟ್‌ಬುಕ್ ಇಟ್ಟೀನಿ. ಒಂದು ಕಡೆ ಗ್ರಾಂ, ಇನ್ನೊಂದು ಕಡೆ "ಹಿಟ್ಟು ಯಾವಾಗ ಬೀಸಿದ್ದು, ಎಸರು ಹೆಂಗ ಕುದೀತು, ಏನು ಕೆಟ್ಟಿತು".

ನೀವೂ ಈ ಭಾನುವಾರ ಮನ್ಯಾಗಿನ ಹಿರಿಯರ ಒಂದು ಅಡಿಗಿ ತೂಗಿ ಬರೀರಿ. ಆಮೇಲೆ ಅದರಾಗ ಒಂದೇ ಒಂದು ಬದಲು ಮಾಡಿ ನೋಡ್ರಿ. ಕೆಟ್ಟರೆ ಅದನ್ನೂ ಬರೀರಿ. ಏನಾಯ್ತು ಅಂತ ಕೆಳಗ ಹೇಳ್ರಿ 👇

#ಅಬ್ಬಿಗೇರಿ #ಜೋಳದರೊಟ್ಟಿ #ಅಡಿಗಿಚರಿತ್ರೆ