ಹುಲ್ಲು ಕಲಿಸಿದ ಪಾಠ



ಮನೆಯಲ್ಲೇ ಅಣಬೆ ಬೆಳೆಯುವ ವಿಧಾನವನ್ನು ಕಿರುತೆರೆಯಲ್ಲಿ ತೋರಿಸುವಾಗ ಒಂದು ದೃಶ್ಯ ಬಂದೇ ಬರುತ್ತದೆ. ಹಂಡೆಯಲ್ಲಿ ನೀರು ಕಾಯುತ್ತಿರುತ್ತದೆ. ಕತ್ತರಿಸಿದ ಭತ್ತದ ಹುಲ್ಲನ್ನು ಗೋಣಿಚೀಲದಲ್ಲಿ ತುಂಬಿ ಅದರಲ್ಲಿ ಮುಳುಗಿಸಿರುತ್ತಾರೆ. ಸಂಕಲನದ ವೇಳೆ ಈ ದೃಶ್ಯಕ್ಕೆ ನಾವು ಕೊಡುವುದು ಹೆಚ್ಚೆಂದರೆ ಹದಿನೈದು ಸೆಕೆಂಡು. "ಹುಲ್ಲನ್ನು 80 ಡಿಗ್ರಿ ಬಿಸಿನೀರಿನಲ್ಲಿ ಸುಮಾರು ಒಂದು ಗಂಟೆ ಇಟ್ಟು ಶುದ್ಧೀಕರಿಸಬೇಕು" ಎಂಬ ಮಾತು ಕೇಳಿಬರುತ್ತದೆ. ಅಷ್ಟರಲ್ಲಿ ಚಿತ್ರ ಮುಂದೆ ಸಾಗಿರುತ್ತದೆ.

ನೀವು ಅಲ್ಲಿಯೇ ನಿಂತು ಕೆಲವು ಪ್ರಶ್ನೆ ಕೇಳಬೇಕು. ಬಿಸಿನೀರು ಏಕೆ? ಬಿಸಿ ಮಾಡುವುದೇ ಆದರೆ ಚೆನ್ನಾಗಿ ಕುದಿಸಿಬಿಡಬಾರದೇಕೆ? ಅಣಬೆ ಬೀಜ ತಯಾರಿಸುವವರು ಜೋಳದ ಕಾಳನ್ನು ಒತ್ತಡದ ಪಾತ್ರೆಯಲ್ಲಿ ಬೇಯಿಸುತ್ತಾರಲ್ಲ, ಹುಲ್ಲಿಗೆ ಮಾತ್ರ ಈ ರಿಯಾಯಿತಿ ಏಕೆ? ಉತ್ತರ ಹುಡುಕಿ ಹೊರಟರೆ ವಿಜ್ಞಾನದ ಒಂದು ದೊಡ್ಡ ವಿವಾದದ ನಡುವೆ ಹೋಗಿ ನಿಲ್ಲುತ್ತೇವೆ. ಆ ವಿವಾದದಲ್ಲಿ ಸಾಕ್ಷಿಯಾಗಿ ನಿಂತದ್ದು ಒಣಹುಲ್ಲು.

ಕುದುರೆ ಲದ್ದಿಯ ಕಾಲ

ಅಣಬೆಗೆ ಹರಿತ್ತು ಇಲ್ಲ. ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳಲಾರದು. ಹುಲ್ಲು, ಮರ, ಲದ್ದಿ ಮುಂತಾದ ವಸ್ತುಗಳನ್ನು ಕರಗಿಸಿ ಅದರಲ್ಲಿರುವ ಸೆಲ್ಯುಲೋಸ್, ಲಿಗ್ನಿನ್‌ಗಳನ್ನು ಆಹಾರ ಮಾಡಿಕೊಳ್ಳುತ್ತದೆ. ಇದೇ ಊಟಕ್ಕೆ ಕಾದು ಕುಳಿತ ಬೂಷ್ಟುಗಳೂ ಬ್ಯಾಕ್ಟೀರಿಯಗಳೂ ನೂರಾರು. ಅಣಬೆ ಬೇಸಾಯದ ಇತಿಹಾಸವೆಂದರೆ ಈ ಪಂಕ್ತಿಯಲ್ಲಿ ನಮಗೆ ಬೇಕಾದವನಿಗೆ ಮೊದಲ ಎಲೆ ಹಾಕಿಸುವ ಪ್ರಯತ್ನದ ಇತಿಹಾಸ.

ಪ್ಯಾರಿಸ್ ಸುತ್ತಮುತ್ತಲಿನ ರೈತರು 17ನೆಯ ಶತಮಾನದಲ್ಲೇ ಕುದುರೆ ಲದ್ದಿಯ ಮೇಲೆ ಬಟನ್ ಅಣಬೆ ಬೆಳೆಯುತ್ತಿದ್ದರು. ಸಸ್ಯವಿಜ್ಞಾನಿ ಟೂರ್ನೆಫೋರ್ 1707ರಲ್ಲಿ ಈ ವಿಧಾನವನ್ನು ಫ್ರೆಂಚ್ ವಿಜ್ಞಾನ ಅಕಾಡೆಮಿಗೆ ವಿವರಿಸಿದ. ಲದ್ದಿ ಮತ್ತು ಹುಲ್ಲನ್ನು ರಾಶಿ ಹಾಕಿ ಕೊಳೆಯಲು ಬಿಟ್ಟರೆ ರಾಶಿಯ ಒಳಗೆ ಕೈ ಇಡಲಾಗದಷ್ಟು ಬಿಸಿ ಹುಟ್ಟುತ್ತದೆ. ಈ ಬಿಸಿ ಸೂಕ್ಷ್ಮಜೀವಿಗಳ ಉಸಿರಾಟದಿಂದ ಬಂದದ್ದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ರಾಶಿ ಬಿಸಿಯಾಗಿ ತಣ್ಣಗಾದ ಮೇಲೆ ಅಣಬೆ ಚೆನ್ನಾಗಿ ಬರುತ್ತದೆ ಎಂಬುದಷ್ಟೇ ಅವರಿಗೆ ಅನುಭವದಿಂದ ತಿಳಿದಿತ್ತು. ರೈತರ ಕೈಗೆ ಉತ್ತರ ಮೊದಲು ಸಿಕ್ಕಿತು. ಪ್ರಶ್ನೆ ಬಂದದ್ದು ಆಮೇಲೆ.

ಹುಲ್ಲಿನ ಕಷಾಯ ಮತ್ತು ಒಂದು ವಾದ

ಪ್ರಶ್ನೆ ಎತ್ತಿದವರು ಬೇರೆಯದೇ ವಿಷಯ ಚರ್ಚಿಸುತ್ತಿದ್ದ ವಿಜ್ಞಾನಿಗಳು. ನಿರ್ಜೀವ ವಸ್ತುವಿನಿಂದ ಜೀವ ತಾನಾಗಿಯೇ ಹುಟ್ಟಬಲ್ಲದೇ? ರೂಆನ್ ನಗರದ ಪ್ರಕೃತಿ ವಿಜ್ಞಾನಿ ಪೂಶೆ 1859ರಲ್ಲಿ ಪುಸ್ತಕವನ್ನೇ ಬರೆದು ಹುಟ್ಟಬಲ್ಲದು ಎಂದ. ಲೂಯಿ ಪಾಸ್ಚರ್ ಇದನ್ನು ಒಪ್ಪಲಿಲ್ಲ. ಗಾಳಿಯ ಧೂಳಿನಲ್ಲಿರುವ ಸೂಕ್ಷ್ಮಜೀವಿಗಳೇ ಕಷಾಯವನ್ನು ಕೆಡಿಸುತ್ತವೆ ಎಂಬುದು ಅವನ ವಾದ. 1860ರಲ್ಲಿ ಅವನು ಕುದಿಸಿ ಮುಚ್ಚಿದ ಇಪ್ಪತ್ತು ಬುರುಡೆಗಳನ್ನು ಆಲ್ಪ್ಸ್ ಪರ್ವತದ ಹಿಮನದಿಯ ಬಳಿಗೆ ಒಯ್ದು ತೆರೆದ. ಅಲ್ಲಿನ ಶುದ್ಧ ಗಾಳಿಯಲ್ಲಿ ಕೆಟ್ಟದ್ದು ಒಂದೇ ಒಂದು.

ಪೂಶೆ ಸುಮ್ಮನಿರಲಿಲ್ಲ. 1863ರಲ್ಲಿ ಇಬ್ಬರು ಸಂಗಡಿಗರೊಂದಿಗೆ ಪಿರನೀಸ್ ಪರ್ವತ ಏರಿ ಅದೇ ಪ್ರಯೋಗ ಮಾಡಿದ. ಅವನು ಒಯ್ದ ಬುರುಡೆಗಳೆಲ್ಲವೂ ಕೆಟ್ಟವು! ಪಾಸ್ಚರನ ಬುರುಡೆಗಳಲ್ಲಿ ಇದ್ದದ್ದು ಯೀಸ್ಟ್ ಬೆರೆಸಿದ ನೀರು. ಪೂಶೆಯ ಬುರುಡೆಗಳಲ್ಲಿ ಇದ್ದದ್ದು ಒಣಹುಲ್ಲು ಕುದಿಸಿದ ಕಷಾಯ.

1864ರಲ್ಲಿ ಅಕಾಡೆಮಿಯ ಸಮಿತಿಯ ಮುಂದೆ ಪ್ರಯೋಗ ನಡೆಯಬೇಕಾದಾಗ ಪೂಶೆಯ ಕಡೆಯವರು ಹಿಂದೆ ಸರಿದರು. ಗೆಲುವು ಪಾಸ್ಚರನದಾಯಿತು. ಅವನ ಸಿದ್ಧಾಂತ ಸರಿಯಾಗಿಯೇ ಇತ್ತು, ನಿಜ. ಆದರೆ ಹುಲ್ಲಿನ ಕಷಾಯ ಕುದಿಸಿದ ಮೇಲೂ ಏಕೆ ಕೆಡುತ್ತದೆ ಎಂಬ ಪ್ರಶ್ನೆಗೆ ಆ ದಿನ ಉತ್ತರ ಸಿಗಲಿಲ್ಲ. ನಿಮ್ಮ ಪಠ್ಯಪುಸ್ತಕದಲ್ಲಿ ಹಂಸಕಂಠದ ಬುರುಡೆಯ ಚಿತ್ರ ಇದೆ. ಹುಲ್ಲಿನ ಬುರುಡೆಯ ಚಿತ್ರ ಇಲ್ಲ. ಸೋತವನ ಪ್ರಯೋಗದಲ್ಲಿಯೂ ಒಂದು ಸತ್ಯ ಅಡಗಿರಬಹುದು ಎಂಬುದನ್ನು ಇತಿಹಾಸ ಓದುವಾಗ ನಾವು ಮರೆಯಬಾರದು.

ಟಿಂಡಲನನ್ನು ಕಾಡಿದ ಹುಲ್ಲು

ಹನ್ನೆರಡು ವರ್ಷಗಳ ನಂತರ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅದೇ ಹುಲ್ಲು ಮತ್ತೆ ಬಾಗಿಲು ತಟ್ಟಿತು. ಭೌತವಿಜ್ಞಾನಿ ಜಾನ್ ಟಿಂಡಲ್ ಪಾಸ್ಚರನ ಪಕ್ಷದವನು. ಐದು ನಿಮಿಷ ಕುದಿಸಿ ಧೂಳಿಲ್ಲದ ಗಾಳಿಯಲ್ಲಿಟ್ಟರೆ ಕಷಾಯ ಕೆಡುವುದಿಲ್ಲವೆಂದು ಅವನು ತೋರಿಸಿಕೊಟ್ಟಿದ್ದ. 1876ರ ಕೊನೆಯಲ್ಲಿ ಅವನ ಪ್ರಯೋಗಗಳೆಲ್ಲ ಒಂದೊಂದಾಗಿ ಕೈಕೊಡತೊಡಗಿದವು. ಹಳೆಯ ಒಣಹುಲ್ಲನ್ನು ಪ್ರಯೋಗಾಲಯಕ್ಕೆ ತಂದದ್ದೇ ಇದಕ್ಕೆ ಕಾರಣವಾಗಿತ್ತು. ಅದರ ಕಷಾಯವನ್ನು ಗಂಟೆಗಟ್ಟಲೆ ಕುದಿಸಿದರೂ ಜೀವ ಕಾಣಿಸಿಕೊಳ್ಳುತ್ತಿತ್ತು. ಅದರ ಧೂಳು ಹರಡಿದ್ದರಿಂದ ಬೇರೆ ಕಷಾಯಗಳೂ ಕೆಟ್ಟವು. 1877ರ ಆರಂಭದಲ್ಲಿ ಟಿಂಡಲ್ ಕ್ಯೂ ಉದ್ಯಾನದ ಪ್ರಯೋಗಾಲಯಕ್ಕೆ ಹೋಗಿ ಕೆಲಸ ಮುಂದುವರಿಸಬೇಕಾಯಿತು.

ರಹಸ್ಯವನ್ನು 1876ರಲ್ಲೇ ಜರ್ಮನಿಯ ಫರ್ಡಿನಾಂಡ್ ಕೋನ್ ಬಿಡಿಸಿದ್ದ. ಹುಲ್ಲಿನಲ್ಲಿ ವಾಸಿಸುವ ಬ್ಯಾಸಿಲಸ್ ಸಬ್‌ಟಿಲಿಸ್ ಎಂಬ ಬ್ಯಾಕ್ಟೀರಿಯ ಕಷ್ಟಕಾಲದಲ್ಲಿ ತನ್ನೊಳಗೆ ಗಟ್ಟಿ ಕವಚದ ಬೀಜಾಣುವನ್ನು ನಿರ್ಮಿಸಿಕೊಳ್ಳುತ್ತದೆ. ಕುದಿಯುವ ನೀರು ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ, ಬೀಜಾಣುವನ್ನು ಕೊಲ್ಲಲಾರದು. ತಣ್ಣಗಾದ ಮೇಲೆ ಅದು ಮೊಳೆಯುತ್ತದೆ. ಪೂಶೆ ಕಂಡದ್ದು ಸುಳ್ಳಲ್ಲ. ಅದಕ್ಕೆ ಅವನು ಕೊಟ್ಟ ವಿವರಣೆ ಮಾತ್ರ ತಪ್ಪಾಗಿತ್ತು.

ಟಿಂಡಲ್ ಒಂದು ಉಪಾಯ ಕಂಡುಹಿಡಿದ. ಕಷಾಯವನ್ನು ಸ್ವಲ್ಪ ಹೊತ್ತು ಕುದಿಸಿ ಬಿಟ್ಟುಬಿಡುವುದು. ಬೀಜಾಣು ಮೊಳೆತು ಮೃದುವಾದಾಗ ಮತ್ತೆ ಕುದಿಸುವುದು. ಹೀಗೆ ಕೆಲವು ಸಲ ಮಾಡಿದರೆ ಒಂದೂ ಉಳಿಯುವುದಿಲ್ಲ. ಇದಕ್ಕೆ ಟಿಂಡಲೀಕರಣ ಎಂಬ ಹೆಸರು ಬಂತು. ಪಾಸ್ಚರನ ಸಹಾಯಕ ಶಾಂಬರ್ಲಾನ್ 1879ರಲ್ಲಿ ಇನ್ನೊಂದು ದಾರಿ ತೆರೆದ. 1679ರಲ್ಲಿ ಡೆನಿಸ್ ಪಾಪಿನ್ ನಿರ್ಮಿಸಿದ್ದ ಆವಿಪಾತ್ರೆಯ ತತ್ವವನ್ನೇ ಬಳಸಿ ಅವನು ಆಟೋಕ್ಲೇವ್ ತಯಾರಿಸಿದ. ಚದರ ಅಂಗುಲಕ್ಕೆ 15 ಪೌಂಡಿನ ಹೆಚ್ಚುವರಿ ಒತ್ತಡದಲ್ಲಿ ನೀರಾವಿಯ ಉಷ್ಣತೆ ಸುಮಾರು 121 ಡಿಗ್ರಿಗೆ ಏರುತ್ತದೆ. ಅಲ್ಲಿ ಬೀಜಾಣುವೂ ಸಾಯುತ್ತದೆ. ನಿಮ್ಮ ಅಡುಗೆಮನೆಯ ಕುಕ್ಕರ್ ಈ ವಂಶದ್ದೇ.

ಇದರ ಫಲ ಅಣಬೆ ಬೇಸಾಯಕ್ಕೂ ದೊರೆಯಿತು. 1890ರ ದಶಕದಲ್ಲಿ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿ ಕೋಸ್ತಾಂತಿನ್ ಮತ್ತು ಮಾತ್ರೂಶೋ ಎಂಬ ವಿಜ್ಞಾನಿಗಳು ನಿರ್ಜೀವಗೊಳಿಸಿದ ಮಾಧ್ಯಮದ ಮೇಲೆ ಶುದ್ಧ ಅಣಬೆ ಬೀಜವನ್ನು ತಯಾರಿಸಿದರು. 1930ರ ದಶಕದಲ್ಲಿ ಅಮೆರಿಕದ ಸಿಂಡನ್ ಧಾನ್ಯದ ಕಾಳುಗಳ ಮೇಲೆ ಬೀಜ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಇಂದು ನಿಮಗೆ ಸಿಗುವ, ಬಿಳಿಯ ನೂಲು ಸುತ್ತಿಕೊಂಡ ಕಾಳಿನ ಪೊಟ್ಟಣ ಈ ವಿಧಾನದಿಂದ ಬಂದದ್ದು.

ಮೈಸೂರಿನ ಭತ್ತದ ಹುಲ್ಲು

ಈ ಕಥೆಯ ಒಂದು ಮುಖ್ಯ ಅಧ್ಯಾಯ ನಮ್ಮ ಮೈಸೂರಿನಲ್ಲಿ ನಡೆಯಿತು. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಸಿ.ಎಫ್.ಟಿ.ಆರ್.ಐ. ಸಂಸ್ಥೆಯ ವಿಜ್ಞಾನಿಗಳಾದ ಜಕಿಯಾ ಬಾನು ಮತ್ತು ಎಚ್.ಸಿ. ಶ್ರೀವಾಸ್ತವ ಅವರು ಭತ್ತದ ಹುಲ್ಲಿನ ಮೇಲೆ ಚಿಪ್ಪು ಅಣಬೆ ಬೆಳೆಸಿದ ಅಧ್ಯಯನವನ್ನು 1962ರಲ್ಲಿ ಪ್ರಕಟಿಸಿದರು. ಬಟನ್ ಅಣಬೆಗೆ ತಂಪು ಹವೆ ಬೇಕು, ವಾರಗಟ್ಟಲೆ ಕೊಳೆಸಿದ ಗೊಬ್ಬರ ಬೇಕು. ಚಿಪ್ಪು ಅಣಬೆಗೆ ಇದಾವುದೂ ಬೇಡ. ನಮ್ಮ ಹವೆ ಸಾಕು, ನಮ್ಮ ಕಣದ ಹುಲ್ಲು ಸಾಕು. ಗೊಬ್ಬರದ ರಾಶಿಯಿಲ್ಲದೆ ಸಾಮಾನ್ಯ ಮನೆಯ ಮೂಲೆಯಲ್ಲಿ ಅಣಬೆ ಬೆಳೆಯಬಹುದೆಂಬ ಭರವಸೆ ನಮಗೆ ಬಂದದ್ದು ಇಂಥ ಕೆಲಸಗಳಿಂದ.

1980ರ ದಶಕದಲ್ಲಿ ಹುಲ್ಲನ್ನು ಬಿಸಿ ಮಾಡುವ ಬದಲು ಫಾರ್ಮಲಿನ್ ಮತ್ತು ಕಾರ್ಬೆಂಡಜಿಂ ಬೆರೆಸಿದ ನೀರಿನಲ್ಲಿ ನೆನೆಸುವ ವಿಧಾನವೂ ನಮ್ಮ ದೇಶದಲ್ಲಿ ರೂಢಿಗೆ ಬಂತು. ಸೌದೆ ಉಳಿಯಿತು, ಬೆಳೆಗಾರರಿಗೆ ಅನುಕೂಲವೂ ಆಯಿತು. ಆದರೆ ಫಾರ್ಮಲಿನ್‌ನಲ್ಲಿರುವ ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ನಿರ್ಧರಿಸಿತು. ಮನೆಯಲ್ಲಿ ಪ್ರಯೋಗ ಮಾಡುವ ನೀವು ಇದರ ಗೊಡವೆಗೆ ಹೋಗಬೇಡಿ. ನಿಮಗೆ ಬಿಸಿನೀರೇ ಸಾಕು.

ಅತಿಶುದ್ಧಿಯ ಅಪಾಯ

ಈಗ ಮೊದಲ ಪ್ರಶ್ನೆಗೆ ಬರೋಣ. ಬಿ.ಎಸ್ಸಿ. ಓದುವಾಗ ನಾನೂ ಒಮ್ಮೆ ಅಣಬೆ ಬೆಳೆಯಲು ಹೊರಟಿದ್ದೆ. ಶುದ್ಧಿ ಹೆಚ್ಚಾದಷ್ಟೂ ಒಳ್ಳೆಯದೆಂದು ಭಾವಿಸಿ ಹುಲ್ಲನ್ನು ಮೂರು ಗಂಟೆ ಕುದಿಸಿದೆ. ನಡುಮನೆಯಲ್ಲಿ ಚಾಪೆಯ ಮೇಲೆ ಹರವಿ, ಆರಿಸಿ, ಚೀಲ ತುಂಬಿದೆ. ವಾರದೊಳಗೆ ಇಡೀ ಚೀಲ ಹಸಿರು ಬೂಷ್ಟಿನಿಂದ ತುಂಬಿತು. ಅಮ್ಮ ಅದನ್ನು ತಿಪ್ಪೆಗೆ ಎಸೆದರು.

ತಪ್ಪು ಎಲ್ಲಿತ್ತು? ಬೀಜ ತಯಾರಿಸುವ ಕಾಳು ಸಂಪೂರ್ಣ ನಿರ್ಜೀವವಾಗಿರಬೇಕು. ಆಟೋಕ್ಲೇವಿನಿಂದ ಹೊರಬಂದ ಮೇಲೆ ಅದನ್ನು ಮುಚ್ಚಿದ ಬಾಟಲಿಯಲ್ಲಿಟ್ಟು ಕಾಯುತ್ತಾರೆ. ಹುಲ್ಲಿಗೆ ಅಂಥ ಕಾವಲು ಇಲ್ಲ. ಅದನ್ನು ತೆರೆದ ಗಾಳಿಯಲ್ಲಿ ಹರವುತ್ತೇವೆ, ಕೈಯಿಂದ ತುಂಬುತ್ತೇವೆ. ಅತಿಯಾಗಿ ಬೆಂದ ಹುಲ್ಲು ಯಜಮಾನನಿಲ್ಲದ ಮನೆಯಂತೆ. ಗಾಳಿಯಲ್ಲಿ ಮೊದಲು ಬಂದ ಬೂಷ್ಟು ಅಲ್ಲಿ ಬಿಡಾರ ಹೂಡುತ್ತದೆ. 80 ಡಿಗ್ರಿಯ ಬಿಸಿ ಹುಲ್ಲಿನ ಬೂಷ್ಟುಗಳನ್ನೂ ಕೀಟಗಳನ್ನೂ ಕೊಲ್ಲುತ್ತದೆ, ಆದರೆ ಶಾಖ ತಡೆಯುವ ಬ್ಯಾಕ್ಟೀರಿಯಗಳನ್ನು ಉಳಿಸುತ್ತದೆ. ಅವು ಅಣಬೆಗೆ ಅಡ್ಡಿ ಮಾಡದೆ ಬೂಷ್ಟುಗಳನ್ನು ದೂರವಿಡಲು ನೆರವಾಗುತ್ತವೆ. ಅವುಗಳಲ್ಲಿ ಕೋನ್ ಕಂಡ ಬ್ಯಾಸಿಲಸ್ ವಂಶದವೂ ಇವೆ. ಟಿಂಡಲನ ನಿದ್ದೆ ಕೆಡಿಸಿದ ಶತ್ರುವೇ ಅಣಬೆ ಬೆಳೆಗಾರನಿಗೆ ಕಾವಲುಗಾರ.

ನೀವೂ ಮಾಡಿ ನೋಡಿ. ಹೊಸ, ಹೊಂಬಣ್ಣದ ಭತ್ತದ ಹುಲ್ಲನ್ನು ಎರಡು ಅಂಗುಲದಷ್ಟು ಉದ್ದಕ್ಕೆ ಕತ್ತರಿಸಿ, ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ. ಮರುದಿನ, ಮನೆಯ ಹಿರಿಯರು ಜೊತೆಗಿರುವಾಗ, 80 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇಡಿ. ನೀರು ಬಸಿದು, ಶುಭ್ರವಾದ ಜಾಗದಲ್ಲಿ ಆರಿಸಿ. ಒಂದು ಹಿಡಿ ಹುಲ್ಲನ್ನು ಬಲವಾಗಿ ಹಿಂಡಿದಾಗ ಅಂಗೈ ಒದ್ದೆಯಾಗಬೇಕು, ಹನಿ ತೊಟ್ಟಿಕ್ಕಬಾರದು. ಇದೇ ಹದ. ಅದೇ ದಿನ ಬೀಜ ಬೆರೆಸಿ ಚೀಲ ತುಂಬಿ, ಗಾಳಿಯಾಡಲು ಅಲ್ಲಲ್ಲಿ ಸಣ್ಣ ತೂತು ಮಾಡಿ.

ಜೊತೆಗೆ ಇನ್ನೆರಡು ಚಿಕ್ಕ ಚೀಲ ತಯಾರಿಸಿ. ಒಂದಕ್ಕೆ ತಣ್ಣೀರಿನಲ್ಲಿ ನೆನೆಸಿದ ಹುಲ್ಲು, ಇನ್ನೊಂದಕ್ಕೆ ನಾನು ಮಾಡಿದಂತೆ ಮೂರು ಗಂಟೆ ಕುದಿಸಿದ ಹುಲ್ಲು. ಪ್ರತಿಯೊಂದರ ಮೇಲೂ ದಿನಾಂಕ ಬರೆದು, ಇಪ್ಪತ್ತು ದಿನ ಏನೇನು ಕಂಡಿತೆಂದು ಗುರುತು ಹಾಕಿಕೊಳ್ಳಿ. ಕೆಟ್ಟ ಚೀಲವನ್ನು ಬಿಚ್ಚದೆ, ಹಾಗೆಯೇ ಮಣ್ಣಿನಲ್ಲಿ ಹೂಳಿ. ಆದರೆ ಅದು ಕೆಟ್ಟ ದಿನವನ್ನು ಪುಸ್ತಕದಲ್ಲಿ ಬರೆಯುವುದನ್ನು ಮಾತ್ರ ಮರೆಯಬೇಡಿ.